ಮಲ್ಲಾಜಿಯ ಬೆರಳು

ನಮ್ಮೂರಲ್ಲಿ ಸಂಬಂಧ ಬೆಳೆಸಲು ಬರುವವರು ಗಂಡನ್ನೋ ಹೆಣ್ಣನ್ನೋ ನೋಡುವ ಮುಂಚೆ ಹಿತ್ತಿಲು ನೋಡುತ್ತಾರೆ. ಹಿತ್ತಿಲಲ್ಲಿ ಉಳಿಕೆ ಇದೆಯೇ, ಇದ್ದರೆ ತಾಯಿಯೋ ಮರಿಯೋ, ಯಾರ ಕಾಲದಲ್ಲಿ ಬಂದದ್ದು, ಅವರೆ ಬಳ್ಳಿಗೆ ಬಾಯಿ ಹಾಕುತ್ತದೆಯೇ, ಇದನ್ನೆಲ್ಲ ವಿಚಾರಿಸಿಕೊಂಡ ಮೇಲೆಯೇ ಎಲೆಅಡಿಕೆ ಮುಟ್ಟುವುದು. ನನ್ನ ಮಾವ ನಮ್ಮ ಹಿತ್ತಿಲಿಗೆ ಕಾಲಿಟ್ಟಾಗ ಅಲ್ಲಿ ಒಂದು ನುಗ್ಗೆಮರ, ಒಂದು ಒಳಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೊಟ್ಟರೆ ಇಂಥ ಮನೆಗೆ ಕೊಡಬೇಕು ಎಂದು ಮಗಳು ಮಲ್ಲಾಜಿಯನ್ನು ಅಲ್ಲೇ ಒಪ್ಪಿಸಿಬಿಟ್ಟ. ಅದು ನಮ್ಮ ವಂಶದ ಪುಕ್ಕಲುತನದ ಫಲವೆಂದು ಪಾಪ ಅವನಿಗೆ ಹೊಳೆಯಲಿಲ್ಲ. ನಮ್ಮಪ್ಪ, ನಮ್ಮ ತಾತ, ಎಲ್ಲರೂ ಒಂಟಿಯಾಗಿ ತಿರುಗುವ ಕೊಂಬಿನ ಜಿಂಕೆಯನ್ನೇ ಹುಡುಕಿ ಹೊಡೆದವರು. ಒಂಟಿ ಜಿಂಕೆ ಬಿದ್ದರೆ ಉಳಿಯುವುದು ಏನೂ ಇಲ್ಲ.

ಉಳಿಕೆ ಎಂದರೆ ಉಳಿದದ್ದು. ಗುಡ್ಡದಲ್ಲಿ ತಾಯಿ ಮತ್ತು ಮರಿ ಜೊತೆಯಲ್ಲಿರುವಾಗ ಒಂದನ್ನು ಹೊಡೆದರೆ, ಇನ್ನೊಂದು ಹೊಡೆದವನ ಹಿಂದೆಯೇ ಅವನ ಮನೆಗೆ ಬರುತ್ತದೆ. ಕೂಗುವುದಿಲ್ಲ, ಹಾಯುವುದಿಲ್ಲ. ಸ್ವಲ್ಪ ದೂರ ಬಿಟ್ಟುಕೊಂಡು ನಡೆದು ಬಂದು, ಹೊಸಿಲು ದಾಟಿ, ಹಿತ್ತಿಲಿಗೆ ಹೋಗಿ ನಿಲ್ಲುತ್ತದೆ. ಕಲ್ಲು ಹೊಡೆದು ಓಡಿಸಲು ನೋಡಿದವರಿದ್ದಾರೆ. ಕಲ್ಲು ಮುಗಿದವು, ಉಳಿಕೆ ಹೋಗಲಿಲ್ಲ. ಬೇರೆಯವರ ಹೊಸಿಲು ಅದು ತುಳಿಯುವುದಿಲ್ಲ. ಮರಿ ಉಳಿಕೆಯಾದರೆ ದೊಡ್ಡದಾದ ಮೇಲೆ ಒಂದು ದಿನ ಗುಡ್ಡದ ಕಡೆ ಕಿವಿ ನಿಮಿರಿಸಿ ಹೊರಟುಬಿಡುತ್ತದೆ. ತಾಯಿ ಉಳಿಕೆಯಾದರೆ ಯಾವಾಗ ಹೋಗುತ್ತದೆಂದು ಹೇಳಬಲ್ಲವರಿಲ್ಲ. ಕೆಲವು ಹೋಗುವುದೇ ಇಲ್ಲ. ಮನೆಯವನು ಉಣ್ಣಲು ಕೂತಾಗ ಬಾಗಿಲಲ್ಲಿ ನಿಂತು ಅವನ ಮುಖ ನೋಡುತ್ತವೆ. ಅದಕ್ಕೇ ನಮ್ಮೂರಲ್ಲಿ ಕೆಲವು ಗಂಡಸರು ಗೋಡೆಯ ಕಡೆ ಮುಖಮಾಡಿ ಉಣ್ಣುತ್ತಾರೆ. ಹೊರಗಿನವರು ಅದನ್ನು ಮಡಿ ಎಂದುಕೊಳ್ಳುತ್ತಾರೆ.

ಸುಗ್ಗಿ ಮುಗಿದ ಮೇಲೆ ಊರಿಗೆಲ್ಲ ಒಂದು ಜಿಂಕೆ ತರುವುದು ಪಾಳಿಯ ಮೇಲೆ ಒಂದೊಂದು ಮನೆಯ ಕೆಲಸ. ತಂದ ಬಾಡನ್ನು ಮುತ್ತುಗದ ಎಲೆಯ ಮೇಲೆ ಮನೆಗೊಂದು ಗುಡ್ಡೆ ಹಾಕಿ ಹಂಚುತ್ತಾರೆ. ಬೇಟೆಗೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಅಂಬು ಗಂಡಸಿಂದು, ಬೆರಳು ಹೆಂಗಸಿಂದು ಎಂಬುದು ನಮ್ಮೂರ ಮಾತು. ಯಾವುದನ್ನು ಹೊಡೆಯಬೇಕೆಂದು ಹೆಂಡತಿ ತೋರುಬೆರಳು ಚಾಚಿ ತೋರಿಸಬೇಕು, ಗಂಡ ಅದನ್ನು ಹೊಡೆಯಬೇಕು. ಉಳಿಕೆಯೊಂದಿಗೆ ದಿನವೆಲ್ಲ ಬಾಳುವವಳು ಅವಳಾದ್ದರಿಂದ ಆಯ್ಕೆಯೂ ಅವಳದೇ. ಇದರಲ್ಲಿ ನ್ಯಾಯವಿದೆ. ಗಂಡಸರು ಪಾರಾಗಲು ಮಾಡಿಕೊಂಡ ಉಪಾಯವೂ ಇದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ವರ್ಷ ಪಾಳಿ ನಮ್ಮದು. ಕೊಂಬಿನವೆಲ್ಲ ಹೊಳೆ ದಾಟಿ ಹೋಗಿಬಿಟ್ಟಿದ್ದವು. ಹೊಳೆಯಾಚೆ ಬೇರೆ ಊರಿನವರ ಗಡಿ. ಗುಡ್ಡದ ಈಚೆಗೆ ಉಳಿದಿದ್ದ ಹೆಣ್ಣು ಜಿಂಕೆಗಳಲ್ಲಿ ಮರಿ ಇಲ್ಲದ್ದು ಒಂದೂ ಇರಲಿಲ್ಲ. ಪಾಳಿ ತಪ್ಪಿಸಿದರೆ ಮುಂದಿನ ವರ್ಷದ ಮನೆಯವರು ಎರಡು ತರಬೇಕು. ಮುಂದಿನ ಮನೆ ಪಕ್ಕದ ಗಿರಿಯವ್ವನದು. ಅವಳ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಆ ಮನೆಯಲ್ಲಿ ಅಂಬು ಹಿಡಿಯುವವರಿರಲಿಲ್ಲ. ಅಂದರೆ ಅವಳ ಪಾಳಿಗೂ ಹೋಗಬೇಕಾದವನು ನೆರೆಮನೆಯವನಾದ ನಾನೇ. ಹೀಗಾಗಿ ತಪ್ಪಿಸಿಕೊಳ್ಳುವ ದಾರಿ ತಿರುಗಿ ನಮ್ಮ ಮನೆಗೇ ಬರುತ್ತಿತ್ತು.

ನಮ್ಮ ಮಗಳು ಚೆನ್ನಿ ಹೋಗಿ ಆಗ ಎರಡು ಸುಗ್ಗಿ ಕಳೆದಿತ್ತು. ಜ್ವರ ಬಂತು, ಇಳಿಯಲಿಲ್ಲ. ಮದ್ದು ಅರೆದದ್ದೇ ಬಂತು. ಕೊನೆಯ ದಿನ ಮಲ್ಲಾಜಿ ಮಗುವಿನ ಚಾಪೆಯ ಸುತ್ತ ಸುತ್ತುತ್ತಲೇ ಇದ್ದಳು. ತಲೆದೆಸೆಗೆ ನಿಂತಳು, ಕಾಲುದೆಸೆಗೆ ನಿಂತಳು, ಆಮೇಲೆ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಮಗು ಹೋದ ಮೇಲೂ ಬಾಗಿಲಲ್ಲಿ ಹಾಗೇ ನಿಂತಿದ್ದಳು. ಬಂದವರು ಅವಳ ಕೈಯ ಕೆಳಗೆ ಬಗ್ಗಿ ಒಳಗೆ ಬರಬೇಕಾಯಿತು.

ಪಾಳಿ ನಮ್ಮದೆಂದು ಗೊತ್ತಾದೊಡನೆ ಊರಿಗೆಲ್ಲ ನಮ್ಮ ಮನೆಯ ಮೇಲೆ ಪ್ರೀತಿ ಉಕ್ಕಿತು. ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಗಿರಿಯವ್ವ ಎಲ್ಲರಿಗಿಂತ ಮುಂಚೆ ಬಂದು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಿತ್ತಾಳೆ ಒಳಲೆಯನ್ನು ಜಗಲಿಯ ಮೇಲಿಟ್ಟಳು. ಊರಿನ ಅರ್ಧ ಮಕ್ಕಳಿಗೂ ಎಷ್ಟೋ ಮರಿ ಉಳಿಕೆಗಳಿಗೂ ಹಾಲು ಕುಡಿಸಿದ ಒಳಲೆ ಅದು. ಜೊತೆಗೆ ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರೊಂದಿತ್ತು.

"ಕ್ಯಾತ, ತಾಯಿನೇ ಹೊಡಿ ಕಣಪ್ಪ," ಎಂದಳು ನನಗೆ. "ಮರಿ ಬಂದ್ರೆ ಮನೆ ಗಲಗಲ ಅಂತದೆ. ಇವಳ ಮಡ್ಲೂ ತುಂಬ್ತದೆ. ತೋರ್ಸಿದ್ ತಕ್ಷಣ ಬೆರಳಿಗೆ ಈ ಬಟ್ಟೆ ಸುತ್ಕಳವ್ವ ಮಲ್ಲಾಜಿ. ಮರಿ ಹುಲ್ಲು ಕಡಿಯೋಗಂಟ ಬಿಚ್ಬ್ಯಾಡ. ಆ ಬೆರಳು ಕಂಡ್ರೆ ಮರಿಗೆ ಗುರ್ತು ಹತ್ತದೆ. ಆಮೇಲೆ ನಿನ್ ಕೈಲಿ ಹಾಲು ಕುಡಿಯಕ್ಕಿಲ್ಲ, ಸತ್ತೋಯ್ತದೆ."

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಮಲ್ಲಾಜಿ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೇರತೊಡಗಿದಳು.

ಬೇಟೆಯ ಯಜಮಾನ ಬೋಮಜ್ಜನ ಬುದ್ಧಿವಾದ ಬೇರೆ. ಅವನು ನನ್ನನ್ನು ಅರಳಿಕಟ್ಟೆಯ ಹಿಂದಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ನೋಡ್ಲಾ, ಮರಿ ಮೊದ್ಲು, ತಾಯಿ ಆಮೇಲೆ. ಮರಿ ಬಿದ್ರೆ ತಾಯಿ ಓಡಲ್ಲ, ಅಲ್ಲೇ ಸುತ್ತತದೆ. ಎರಡ್ನೇ ಅಂಬು ಬುಡು. ತಾಯಿ ಮೊದ್ಲು ಬಿದ್ರೆ ಮರಿ ಪೊದೆ ಸೇರ್ಕತದೆ, ಕೈಗೆ ಸಿಕ್ಕಲ್ಲ, ಹಿಂದ್ಗಡೆನೇ ಬತ್ತದೆ. ಎರಡೂ ಹೋದ್ರೆ ಉಳಿಕೆ ಇಲ್ಲ, ರಗಳೆನೂ ಇಲ್ಲ. ಹೆಂಗಸು ಒಂದಕ್ಕೆ ಬೆರಳು ತೋರ್ಸಿದ್ರೆ ಇನ್ನೊಂದಕ್ಕೆ ಅಂಬು ಕೈತಪ್ಪಿ ಹೋಯ್ತು ಅನ್ನು."

ಬೋಮಜ್ಜ ತನ್ನ ಪಾಳಿಗಳಲ್ಲೆಲ್ಲ ಹಾಗೇ ಮಾಡಿದವನು. ಅವನ ಹಿತ್ತಿಲಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಮೇಯುವವರಿಲ್ಲ. ಊರಿನ ಮಕ್ಕಳು ಅಲ್ಲಿ ಆಡುವುದಿಲ್ಲ. ಆಡಬೇಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ಅವನ ಮಾತು ನನಗೆ ಹಿಡಿಸಿತೆಂದು ಒಪ್ಪಿಕೊಳ್ಳಲೇಬೇಕು. ಮನೆಯೊಳಗೆ ಇನ್ನೊಂದು ಜೀವ ಬಂದು ಮಲ್ಲಾಜಿಯ ಎದುರು ನಿಂತು ನೋಡುವುದು ನನಗೆ ಬೇಡವಾಗಿತ್ತು. ಬತ್ತಳಿಕೆಯಲ್ಲಿ ಎರಡು ಅಂಬು ಇಟ್ಟುಕೊಂಡೆ.

ಬೇಟೆಯ ಹಿಂದಿನ ದಿನ ಮಲ್ಲಾಜಿ ಮುದ್ದೆ ತಿರುವುತ್ತಾ ಹೇಳಿದಳು, "ನಂಗೆ ಮರಿ ಬ್ಯಾಡ."

"ಮತ್ತೆ?"

"ಮರಿನ ಹೊಡಿ. ತಾಯಿ ಬರ್ಲಿ."

ನಾನು ತಟ್ಟೆ ಹಿಡಿದುಕೊಂಡೇ ಕೂತೆ. ಊರು ಕೇರಿಯಲ್ಲಿ ಬೇಕೆಂದೇ ತಾಯಿ ಉಳಿಕೆಯನ್ನು ಮನೆಗೆ ಕರೆದುಕೊಂಡವರನ್ನು ನಾನು ಕೇಳಿರಲಿಲ್ಲ. ಗುರಿ ತಪ್ಪಿ ಮರಿಗೆ ಅಂಬು ತಾಗಿದರೆ, ಇಲ್ಲವೆ ಎಳೆಯ ಬಾಡಿನ ಆಸೆಗೆ ಬಿದ್ದರೆ, ಆಗ ಮಾತ್ರ ತಾಯಿ ಬರುತ್ತಿತ್ತು. ಗಿರಿಯವ್ವನ ಗಂಡನದು ಎರಡನೆಯ ಕತೆ. ಅವನು ಸತ್ತು ಎಷ್ಟೋ ಕಾಲವಾದರೂ ಆ ತಾಯಿ ಜಿಂಕೆ ಗಿರಿಯವ್ವನ ಹಿತ್ತಿಲಲ್ಲಿ ಹಲಸಿನ ಮರದ ಕೆಳಗೆ ನಿಂತೇ ಇತ್ತು, ಮೂತಿಯೆಲ್ಲ ಬೆಳ್ಳಗಾಗಿತ್ತು. ಚೆನ್ನಿ ಹೋದಾಗಿನಿಂದ ಮಲ್ಲಾಜಿ ಸಂಜೆಯಾದರೆ ಬೇಲಿಯ ಸಂದಿಯಿಂದ ನುಸುಳಿ ಅಲ್ಲಿಗೆ ಹೋಗುತ್ತಿದ್ದಳು. ಜಿಂಕೆಯ ಪಕ್ಕದಲ್ಲಿ ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ಬರುತ್ತಿದ್ದಳು.

"ಊರೋರೆಲ್ಲಾ ನಂಗೆ ಮಗಾ ಕೊಡಕ್ಕೆ ನೋಡ್ತಾವ್ರೆ," ಎಂದಳು. "ಒಂದು ಹೋದ್ರೆ ಇನ್ನೊಂದು ಇಡಕ್ಕೆ ಅದೇನು ಒಲೆ ಮೇಲಿನ ಮಡಕೆನಾ? ನಂಗೆ ನನ್ನಂಥೋಳು ಒಬ್ಳು ಬೇಕು. ಅವಳು ಏನೂ ಹೇಳೋದ್ಬ್ಯಾಡ, ಕೇಳೋದ್ಬ್ಯಾಡ. ಸುಮ್ಕೆ ಪಕ್ಕದಲ್ಲಿ ನಿಂತ್ಕಂಡಿದ್ರೆ ಸಾಕು."

"ಗಿರಿಯವ್ವನ ಉಳಿಕೆ ಐತಲ್ಲಮ್ಮಿ."

"ಅವಳು ಗಿರಿಯವ್ವನ ಮನೆಯೋಳು. ನಾನ್ ಹೋದ್ರೆ ನೋಡ್ತಾಳೆ, ಅಷ್ಟೇ. ನನ್ ಹೊಸ್ಲು ತುಳಿಯಲ್ಲ."

ಬೇಲಿಯಾಚೆಯಿಂದ ಗಿರಿಯವ್ವನ ದನಿ ಬಂತು. ನಮ್ಮೂರಲ್ಲಿ ಬೇಲಿಗೂ ಕಿವಿಯಿದೆ. "ಮಗಾ, ಅವಳು ತಾನಾಗೆ ನಿನ್ನಂಗೆ ಆಗಕ್ಕಿಲ್ಲ. ಆ ತಾಯಿನ ನಿನ್ನಂಗೆ ಮಾಡೋಳು ನೀನೇ ಆಯ್ತೀಯಲ್ಲವ್ವ."

ಮಲ್ಲಾಜಿ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ ಸಾರು ಬಿಟ್ಟಳು. ತಾನು ಉಣ್ಣಲಿಲ್ಲ.

ಬೆಳಕು ಹರಿದ ಮೇಲೆ ಇಬ್ಬರೂ ಹೊರಟೆವು. ಮಾರನೆಯ ದಿನ ಗುಡ್ಡೆ ಹಾಕುವ ದಿನ. ಅಂದೇ ತರದಿದ್ದರೆ ಪಾಳಿ ತಪ್ಪಿದಂತೆಯೇ. ಗುಡ್ಡದ ಬುಡದಲ್ಲಿ ಬೋಮಜ್ಜನೂ ಇನ್ನು ನಾಲ್ಕು ಜನವೂ ಹೊತ್ತು ತರಲೆಂದು ಕೂತಿದ್ದರು. ಬೋಮಜ್ಜ ನನ್ನ ಬತ್ತಳಿಕೆ ನೋಡಿ ಕಣ್ಣು ಮಿಟುಕಿಸಿದ. ಸ್ವಲ್ಪ ದೂರ ಹತ್ತಿದ ಮೇಲೆ ಮಲ್ಲಾಜಿ ನಿಂತಳು.

"ಎರಡು ಅಂಬು ಯಾಕೆ?"

"ಒಂದು ತಪ್ಪಿದ್ರೆ ಇರ್ಲಿ ಅಂತ."

"ನಿನ್ ಗುರಿ ನಂಗೊತ್ತಿಲ್ವಾ? ತಪ್ಪೋದಾದ್ರೆ ಎರಡು ಎಲ್ ಸಾಕಾಯ್ತದೆ?" ಎಂದು ಒಂದನ್ನು ಎಳೆದುಕೊಂಡು ದಾರಿ ಪಕ್ಕದ ಹುತ್ತಕ್ಕೆ ಚುಚ್ಚಿದಳು. "ಬರ್ತಾ ತಕ್ಕಂಡ್ರಾಯ್ತು. ಬೋಮಜ್ಜನ ಹಿತ್ಲು ನಮ್ಗೆ ಬ್ಯಾಡ."

ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಮದುವೆಯಾದ ಮೇಲೆ ಇಂಥವನ್ನು ಕೇಳುವುದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಬಿಸಿಲು ಸ್ವಲ್ಪ ಏರಿದ ಮೇಲೆ ಕಾರೆ ಪೊದೆಗಳ ನಡುವಿನ ಬಯಲಿನಲ್ಲಿ ಅವು ಕಂಡವು. ತಾಯಿ ಬೆನ್ನು ಹಾಕಿ ಮೇಯುತ್ತಿತ್ತು. ಮರಿ ತೀರಾ ಎಳೆಯದು, ಕಾಲುಗಳು ಇನ್ನೂ ಮೈಗೆ ಒಗ್ಗಿರಲಿಲ್ಲ. ಒಂದು ಚಿಟ್ಟೆಯ ಹಿಂದೆ ಹೋಗಿ ಮುಗ್ಗರಿಸಿತು. ತಾಯಿ ಮೇಯುವುದನ್ನು ಬಿಟ್ಟು ಅದರ ಕಿವಿ ನೆಕ್ಕಿ ಮತ್ತೆ ಮೇಯತೊಡಗಿತು. ನಾನು ಒಂದು ಬಂಡೆಯ ಮರೆಯಲ್ಲಿ ಕೂತು ಅಂಬು ಹೂಡಿದೆ. ಮಲ್ಲಾಜಿ ನನ್ನ ಬಲಗಡೆ ನಿಂತಳು. ಬೆರಳು ತೋರಿಸುವವಳು ಮರೆಯಲ್ಲಿರಬಾರದು, ನಿಂತೇ ತೋರಿಸಬೇಕು. ಅದೂ ನಮ್ಮೂರ ಕಟ್ಟಳೆ.

ಅವಳು ತೋಳು ಎತ್ತಿದಳು. ಬೆರಳು ನಿಧಾನವಾಗಿ ಚಾಚಿಕೊಂಡು ಮರಿಯ ಕಡೆಗೆ ತಿರುಗಿತು. ನಾನು ಹೆದೆ ಎಳೆದೆ. ಹೊಡೆದರೆ ಅವಳು ಕೇಳಿದ್ದು ಸಿಗುತ್ತದೆ, ಆದರೆ ಅದು ಸಿಕ್ಕಿದ ಮೇಲೆ ಅವಳು ಏನಾಗುತ್ತಾಳೋ ಎಂದು ಭಯವಾಯಿತು. ತಾನೇ ಬೆರಳು ತೋರಿಸಿ ಮರಿ ಕಳೆದ ಒಬ್ಬ ತಾಯಿಯ ಪಕ್ಕದಲ್ಲಿ ದಿನಾ ಕೂತು ಇವಳು ಸಮಾಧಾನ ಪಡೆಯುವುದು ಹೇಗೆ? ಬೇಡ ಕಣೇ ಎನ್ನಬೇಕೆಂದು ಬಾಯಿಗೆ ಬಂತು. ಬೆರಳು ಚಾಚಿದ ಮೇಲೆ ಗಂಡಸು ಮಾತಾಡುವಂತಿಲ್ಲ.

ಅಷ್ಟರಲ್ಲಿ ತಾಯಿ ಜಿಂಕೆ ತಲೆ ಎತ್ತಿ ನಮ್ಮನ್ನು ಕಂಡಿತು. ಮುಂಗಾಲಿನಿಂದ ನೆಲಕ್ಕೆ ಒಂದು ಸಲ ಬಡಿಯಿತು. ಮರಿ ತಕ್ಷಣ ಹುಲ್ಲಿನಲ್ಲಿ ಮೈ ಚೆಲ್ಲಿ ಮಲಗಿತು. ಕಿವಿ ಮಾತ್ರ ಕಾಣುತ್ತಿತ್ತು. ಇನ್ನು ತಾಯಿ ನೆಗೆದು ಓಡುತ್ತದೆ ಎಂದುಕೊಂಡೆ. ಓಡಲಿಲ್ಲ. ಒಂದೊಂದೇ ಹೆಜ್ಜೆ ಇಡುತ್ತಾ ನಮ್ಮ ಕಡೆಗೇ ಬಂದು, ಮಲ್ಲಾಜಿಯ ಬೆರಳಿಗೂ ಮರಿಗೂ ನಡುವೆ ಅಡ್ಡಲಾಗಿ ನಿಂತಿತು. ಪಕ್ಕೆಯನ್ನು ನಮ್ಮ ಕಡೆಗಿಟ್ಟು, ಕತ್ತು ಹೊರಳಿಸಿ ಮಲ್ಲಾಜಿಯನ್ನೇ ನೋಡಿತು.

ಮಲ್ಲಾಜಿ ಎರಡು ಹೆಜ್ಜೆ ಎಡಕ್ಕೆ ಸರಿದಳು, ಮರಿ ಕಾಣಲೆಂದು. ತಾಯಿಯೂ ಎರಡು ಹೆಜ್ಜೆ ಸರಿಯಿತು. ಅವಳು ಬಲಕ್ಕೆ ಬಂದಳು. ಅದೂ ಬಂತು. ಬೆರಳು ಚಾಚಿದಲ್ಲೆಲ್ಲ ಜಿಂಕೆಯ ಪಕ್ಕೆಯೇ ಇತ್ತು.

"ಇಗಾ," ಎಂದಳು ಮಲ್ಲಾಜಿ. "ನೋಡ್ದಾ ಅವಳ್ನ? ಅವತ್ತು ಹಿಂಗೆ ನಿಂತ್ಕಳಕ್ಕೇ ನಾನ್ ಅಷ್ಟು ಸುತ್ತಿದ್ದು ಕಣೋ. ತಲೆತಾವ ನೋಡ್ದೆ, ಕಾಲ್ತಾವ ನೋಡ್ದೆ, ಬಾಗ್ಲಲ್ಲಿ ನೋಡ್ದೆ. ಎಲ್ಲಿ ನಿಂತ್ರೆ ಅಡ್ಡ ಆಯ್ತೀನಿ ಅಂತ ಗೊತ್ತೇ ಆಗ್ಲಿಲ್ಲ. ನಂಗೆ ಜಾಗ ಸಿಗ್ಲಿಲ್ಲ. ಅವಳಿಗೆ ಸಿಕ್ಕೈತೆ."

ಬೆರಳು ಅಲುಗಲಿಲ್ಲ. ಅದು ಈಗ ತೋರಿಸುತ್ತಿದ್ದದ್ದು ತಾಯಿಯನ್ನು.

"ಆ ಜಾಗ ಅವಳಿಗೇ ಕೊಟ್ಬುಡು," ಎಂದಳು.

ಹೆದೆ ಬಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ನೇರವಾಗಿ ಹೋದ ಅಂಬು ಇನ್ನೊಂದಿಲ್ಲ. ಜಿಂಕೆ ಮೊದಲು ಮಂಡಿಯೂರಿತು, ಆಮೇಲೆ ಮಲಗಿತು. ಮಲ್ಲಾಜಿ ಅದರ ಹತ್ತಿರ ಹೋಗಿ ತಲೆ ತೊಡೆಯ ಮೇಲಿಟ್ಟುಕೊಂಡು ಉಸಿರು ನಿಲ್ಲುವವರೆಗೆ ಕೂತಿದ್ದಳು. ಆಮೇಲೆ ಸೊಂಟದಿಂದ ಅರಿಶಿನದ ಬಟ್ಟೆ ತೆಗೆದು ಬೆರಳಿಗೆ ಸುತ್ತಿಕೊಂಡಳು. ನಾನು ಗಂಟು ಹಾಕಿಕೊಟ್ಟೆ.

ಜಿಂಕೆಯನ್ನು ಹೆಗಲಿಗೆ ಹಾಕಿಕೊಂಡು ಇಳಿಯುವಾಗ ಹಿಂದೆ ತರಗೆಲೆಯ ಸದ್ದು ಕೇಳುತ್ತಿತ್ತು. ನಾವು ನಿಂತರೆ ಸದ್ದೂ ನಿಲ್ಲುತ್ತಿತ್ತು. ಹುತ್ತದ ಬಳಿ ಮಲ್ಲಾಜಿ ಆ ಇನ್ನೊಂದು ಅಂಬನ್ನು ಕಿತ್ತುಕೊಂಡಳು. ಬುಡದಲ್ಲಿ ಕೂತಿದ್ದ ಬೋಮಜ್ಜ ನಮ್ಮ ಹಿಂದೆ ಬಂದ ಮರಿಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಮಲ್ಲಾಜಿ ಅಂಬನ್ನು ಅವನ ಕೈಗಿತ್ತಳು. ಅವನು ಬಾಯಿ ಮುಚ್ಚಿಕೊಂಡ.

ಮಾರನೆಯ ದಿನ ಗುಡ್ಡೆ ಹಾಕಿದರು. ತಾಯಿಯ ಬಾಡನ್ನು ಮರಿಯಿರುವ ಮನೆಯಲ್ಲಿ ಬೇಯಿಸುವುದಿಲ್ಲ. ನೆರೆಮನೆಯಲ್ಲಿ ಬೇಯಿಸಿ, ಅಲ್ಲೇ ಉಂಡು, ಬಾಯಿ ಮುಕ್ಕಳಿಸಿ ಬರಬೇಕು. ನಾನು ಗಿರಿಯವ್ವನ ಮನೆಯಲ್ಲಿ ಎಲೆಯ ಮುಂದೆ ಕೂತು ಎದ್ದೆ. ಮಲ್ಲಾಜಿ ಬರಲಿಲ್ಲ, ಮರಿಯ ಹತ್ತಿರವೇ ಇದ್ದಳು. ಊರು ಅಂದುಕೊಂಡದ್ದು ಆಗಿತ್ತು. ಕೇರಿಯ ಹೆಂಗಸರು ಬಂದು ಬಂದು ನೋಡಿ, ಎಷ್ಟು ಮುದ್ದಾಗಿದೆ, ಇನ್ನು ನಿನ್ನ ಮನೆ ತುಂಬಿತು ಎಂದು ಹೇಳಿ ಹೋದರು. ಮಲ್ಲಾಜಿ ಅವರಿಗೆಲ್ಲ ಹೂಂ ಎಂದಳು.

ಮರಿ ಹಾಲು ಕುಡಿಯಲಿಲ್ಲ. ಒಳಲೆಯಲ್ಲಿ ಮೇಕೆ ಹಾಲು ಹಾಕಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಬಟ್ಟೆ ಅದ್ದಿ ಹಿಂಡಿದರೆ ಹಾಲು ಗಲ್ಲದ ಮೇಲೆ ಇಳಿದುಹೋಗುತ್ತಿತ್ತು. ಬೇಲಿಯ ಬಳಿ ಕರೆದುಕೊಂಡು ಹೋದೆವು. ಗಿರಿಯವ್ವನ ಮುದಿ ಜಿಂಕೆ ಬೇಲಿಯ ಮೇಲಿಂದ ಮೂತಿ ಚಾಚಿ ಅದನ್ನು ಮೂಸಿತು. ಅದರ ಕೆಚ್ಚಲು ಬತ್ತಿ ಯಾವ ಕಾಲವಾಗಿತ್ತೋ. ಮೂಸಿ, ಹಲಸಿನ ಮರದ ಕೆಳಗೆ ಹೋಗಿ ನಿಂತಿತು. ಮರಿಯ ಪಕ್ಕೆಲುಬು ಎದ್ದು ಕಾಣತೊಡಗಿತು. ಕೊನೆಗೆ ನಿಲ್ಲಲಾರದೆ ನುಗ್ಗೆಮರದ ಬುಡದಲ್ಲಿ ಮಲಗಿತು.

"ಬೆರಳು ಅದ್ದಿ ಕುಡಿಸ್ಬೇಕು ಕಣವ್ವ," ಎಂದಳು ಗಿರಿಯವ್ವ. "ಎಳೇ ಕರಾನೂ ಹಂಗೇ ಕಲ್ಸದು. ಎಡಗೈ ಬೆರಳು ಕೊಡು."

ಮಲ್ಲಾಜಿ ಎಡಗೈ ಬೆರಳು ಹಾಲಿಗೆ ಅದ್ದಿ ಕೊಟ್ಟಳು. ಮರಿ ಬಾಯಿ ತೆರೆಯಲಿಲ್ಲ. ಅದರ ಕಣ್ಣು ಮಾತ್ರ ಅವಳ ಬಲಗೈಯ ಹಳದಿ ಬಟ್ಟೆಯ ಮೇಲಿತ್ತು. ಬಟ್ಟೆ ಕಟ್ಟಿದ ಕೈ ಎಲ್ಲಿಗೆ ಹೋದರೆ ಅಲ್ಲಿಗೆ ಅದರ ಕಣ್ಣು ಹೋಗುತ್ತಿತ್ತು. ಸ್ವಲ್ಪ ಹೊತ್ತು ಇದನ್ನೇ ನೋಡುತ್ತಿದ್ದ ಮಲ್ಲಾಜಿ ಹಲ್ಲಿನಿಂದ ಗಂಟು ಎಳೆಯತೊಡಗಿದಳು.

"ಅಯ್ಯೋ, ಬ್ಯಾಡ ಕಣೆ!" ಎಂದು ಗಿರಿಯವ್ವ ಕೂಗಿದಳು. "ಗುರ್ತು ಹತ್ತದೆ!"

"ಹತ್ಲಿ. ಅದಕ್ಕೆ ಗೊತ್ತೈತೆ ಕಣ್ ದೊಡ್ಡವ್ವ. ಗೊತ್ತಿದ್ದೂ ಗೊತ್ತಿಲ್ದಂಗೆ ಇರೋಳು ನಾನೊಬ್ಳೇ."

ಬಟ್ಟೆ ಬಿಚ್ಚಿ ಬಿದ್ದಿತು. ಬೆರಳು ಅರಿಶಿನಕ್ಕೆ ಹಳದಿಯಾಗಿ, ಬೆವೆತು ಸುಕ್ಕುಗಟ್ಟಿತ್ತು. ಅವಳು ಅದನ್ನು ಮರಿಯ ಮೂತಿಯ ಮುಂದೆ ಹಿಡಿದಳು.

"ಇದೇ ಕಣವ್ವ ಆ ಬೆರಳು," ಎಂದಳು ಅದಕ್ಕೆ. "ಮೊದ್ಲು ನಿನ್ನೇ ತೋರ್ಸಿದ್ದೆ. ನಿಮ್ಮವ್ವ ಅಡ್ಡ ಬಂದ್ಲು. ಅವಳ್ನ ತೋರ್ಸ್ದೆ. ನಾನೇ ತೋರ್ಸಿದ್ದು."

ಮರಿ ಬೆರಳನ್ನು ಮೂಸಿತು. ಬಹಳ ಹೊತ್ತು ಮೂಸಿತು. ಗಿರಿಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಲ್ಲಾಜಿ ಬೆರಳನ್ನು ಹಾಲಿಗೆ ಅದ್ದಿ ಮತ್ತೆ ಹಿಡಿದಳು. ಒಂದು ಹನಿ ಹಾಲು ಮರಿಯ ಮೂಗಿನ ಮೇಲೆ ಬಿತ್ತು. ಅದು ನಾಲಿಗೆ ಚಾಚಿ ಆ ಹನಿಯನ್ನು ನೆಕ್ಕಿತು. ಆಮೇಲೆ ಬೆರಳಿಗೆ ಬಾಯಿ ಹಾಕಿತು.

ನನಗೆ ಅಳು ತಡೆಯಲಾಗಲಿಲ್ಲ. ಚೆನ್ನಿ ಹೋದಾಗಲೂ ಊರಿನವರೆದುರು ಅಳದೆ ಗಂಡಸಿನಂತೆ ಇದ್ದವನು ನಾನು. ಅಂದು ನುಗ್ಗೆಮರಕ್ಕೆ ಒರಗಿಕೊಂಡು ಅತ್ತೆ. ಮರಿ ಕುಡಿಯುತ್ತಿತ್ತು. ಮಲ್ಲಾಜಿ ಅದ್ದುತ್ತಿದ್ದಳು, ಕೊಡುತ್ತಿದ್ದಳು. ಹಸಿವಿನ ಭರಕ್ಕೆ ಅದು ಬೆರಳನ್ನು ಬುಡದವರೆಗೆ ಎಳೆದುಕೊಂಡಿತು. ಒಮ್ಮೆ ಅವಳ ಮುಖ ಕಿವುಚಿಕೊಂಡಿತು.

"ಏನಾಯ್ತು?" ಎಂದೆ.

"ಕಚ್ತದೆ."

"ಬಿಡಿಸ್ಕ ಮತ್ತೆ."

ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮರಿಯ ಕಿವಿ ಸವರಿದಳು.

"ಕಚ್ಲಿ ಬುಡು," ಎಂದಳು.